ಸಹಾಯ ಬೇಕು: ಕನ್ನಡದಲ್ಲಿ ಮಾತಾಡುವ ಗ್ಲಾಕೋಮಾ ಡಾಕ್ಟರ್ ಗೊತ್ತಾ?

ನಮಸ್ಕಾರ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪನಿಗೆ 72, ಗ್ಲಾಕೋಮಾ ಇದೆ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ). ಹೋದ ವಾರ ಯಾರೋ ವಾಟ್ಸಾಪ್ ಕಳಿಸಿದರು: ನೈಟ್ರಿಕ್ ಆಕ್ಸೈಡ್ (ನಮ್ಮ ದೇಹದಲ್ಲೇ ತಯಾರಾಗುವ ಒಂದು ಅನಿಲ) ಕಣ್ಣಿನ ನರ ಸಾಯಿಸುತ್ತದೆ, ಬೀಟ್‌ರೂಟ್ ತಿಂದರೆ ಅದು ಜಾಸ್ತಿಯಾಗುತ್ತದೆ ಅಂತ. ಅವತ್ತಿನಿಂದ ಪಲ್ಯ ತಟ್ಟೆಯ ಅಂಚಿಗೆ ಸರಿಯುತ್ತಿದೆ. ಡ್ರಾಪ್ಸ್ ಮಾತ್ರ ಬಿಟ್ಟಿಲ್ಲ, ಪುಣ್ಯ.

ನಾನೂ ಸ್ವಲ್ಪ ಓದಿದೆ. ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಕಣ್ಣಿನ ಹಿಂಬದಿಯ ಪದರವಾದ ರೆಟಿನಾದಲ್ಲಿ, ನರಕೋಶಗಳು ಸಂದೇಶ ಕಳಿಸಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿ ಮೀರಿದರೆ ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆಗ ನೈಟ್ರಿಕ್ ಆಕ್ಸೈಡ್ ಜಾಸ್ತಿ ತಯಾರಾಗುತ್ತದೆ. ಅದು ಸೂಪರ್‌ಆಕ್ಸೈಡ್ ಎಂಬ ಆಮ್ಲಜನಕದ ಚುರುಕು ರೂಪದ ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ಹಾನಿಕಾರಕ ವಸ್ತು ಆದರೆ ಕೋಶಕ್ಕೆ ಏಟು. ಆದರೆ ಅದೇ ನೈಟ್ರಿಕ್ ಆಕ್ಸೈಡ್ ಹದವಾಗಿದ್ದರೆ ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಸಡಿಲಿಸಿ ಒತ್ತಡ ಇಳಿಸುತ್ತದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲ್ಯಾಟನೊಪ್ರೊಸ್ಟೀನ್ ಬ್ಯೂನಾಡ್ ಎಂಬ ಗ್ಲಾಕೋಮಾ ಡ್ರಾಪ್ಸ್ ಕಣ್ಣಿಗೆ ಅದನ್ನೇ ಕೊಡುತ್ತದೆ! ಇಷ್ಟು ಹೇಳಿದರೆ ಅಪ್ಪ, "ನೀನು ಯಾವಾಗ ಡಾಕ್ಟರ್ ಆದೆ?" ಅಂತಾರೆ.

ಈಗ ನೋಡುವ ಡಾಕ್ಟರ್ ಎರಡು ನಿಮಿಷ ಹಿಂದಿಯಲ್ಲಿ ಮಾತಾಡಿ ಕಳಿಸುತ್ತಾರೆ. ಅಪ್ಪನಿಗೆ ಅರ್ಧ ಅರ್ಥವಾಗುವುದಿಲ್ಲ, ಕೇಳಲು ಸಂಕೋಚ. ಠಾಣೆ, ಮುಲುಂಡ್, ಮಾಟುಂಗಾ ಕಡೆ ಕನ್ನಡದಲ್ಲಿ ಸಮಾಧಾನವಾಗಿ ವಿವರಿಸುವವರು ಇದ್ದರೆ ತಿಳಿಸಿ. ಲೋಕಲ್ ರೈಲಿನ ಸೆಂಟ್ರಲ್ ಲೈನ್ ಆದರೆ ಒಳ್ಳೆಯದು, ಲೈನ್ ಬದಲಿಸಲು ದಾದರ್ ಸ್ಟೇಷನ್ ಬ್ರಿಡ್ಜ್ ಹತ್ತಲು ಅವರಿಗೆ ಆಗುವುದಿಲ್ಲ. ಶನಿವಾರ ಸಿಗುವಂತಿದ್ದರೆ ನಾನೇ ರಜೆ ಹಾಕದೆ ಕರೆದುಕೊಂಡು ಹೋಗಬಹುದು.