ಅಜ್ಜನ ವಹಿಯಲ್ಲಿ ಲಾವಣಿ

ನಿನ್ನೆ ರಾತ್ರಿ ಊಟದ ಹೊತ್ತಿಗೆ ಮನೆಯ ಗುಂಪಿಗೆ ತಮ್ಮ ಒಂದು ಫೋಟೋ ಹಾಕಿದ. ಸಿಂದಗಿ ಕಡೆಯ ನಮ್ಮ ಹಳೆ ಮನೆಯ ಟ್ರಂಕಿನಲ್ಲಿ ಸಿಕ್ಕ ಅಜ್ಜನ ವಹಿ. ಮೇಲೆ 1969 ಎಂದಿದೆ. ಕೆಳಗೆ ಇಷ್ಟೇ:

ಹಳ್ಳದ ಪಟ್ಟಿ ಲಾವಣಿ. ರೂ. 120.
ಯುಗಾದಿಯಿಂದ ಯುಗಾದಿ.
ಕಣಿಕಿ ಅರ್ಧ ನಮಗೆ.

ತಮ್ಮ: ಅಜ್ಜ ಲಾವಣಿ ಹಾಡುತ್ತಿದ್ದರು ಅಂತ ಯಾರೂ ಹೇಳಲೇ ಇಲ್ವಲ್ಲ!

ಪುಣೆ ಅಕ್ಕ: ಪಟ್ಟಿ ಅಂದರೆ ವಂತಿಗೆ ಅಲ್ವಾ? ಗಣಪತಿಗೆ ಪಟ್ಟಿ ಎತ್ತುತ್ತಾರಲ್ಲ, ಹಾಗೆ. ಊರವರು 120 ರೂಪಾಯಿ ಕೂಡಿಸಿ ಯುಗಾದಿಗೆ ಮೇಳ ಕರೆಸಿದ್ದಾರೆ.

(ತಪ್ಪೇ ಆದರೂ ಅಕ್ಕನ ಲೆಕ್ಕ ಚೆನ್ನಾಗಿ ಕೂಡಿತ್ತು ಅನ್ನಬೇಕು.)

ತಮ್ಮ: ಹೌದು, ಹರದೇಶಿ-ನಾಗೇಶಿ ಲಾವಣಿ ಹಾಡು ನಮ್ಮ ಕಡೆಯದೇ. ಕಾಕಾ, ಅಜ್ಜನ ಹತ್ತಿರ ಡಪ್ಪು ಇತ್ತಾ?

ಕಾಕಾ: ಡಪ್ಪೂ ಇಲ್ಲ, ತುಂತುಣಿಯೂ ಇಲ್ಲ. ನಿಮ್ಮಜ್ಜ ಮಂಗಳಾರತಿಗೂ ಬಾಯಿ ಬಿಡುತ್ತಿರಲಿಲ್ಲ. ಅದು ಹೊಲ ಲಾವಣಿಗೆ ಕೊಟ್ಟದ್ದು.

ಅಕ್ಕ: ಲಾವಣಿ ಅಂದರೆ ಹಾಡು ಕಾಕಾ. ಮೊಬೈಲಿನಲ್ಲಿ ನೋಡಿದೆ. ಮರಾಠಿಯಲ್ಲೂ ಅದೇ.

ಕಾಕಾ: ಮರಾಠಿಯಲ್ಲಿ ಭತ್ತದ ಸಸಿ ನೆಡುವುದಕ್ಕೂ ಲಾವಣಿ ಅನ್ನುತ್ತಾರವ್ವಾ. ಪುಣೆಯಲ್ಲಿದ್ದೂ ಕೇಳಿಲ್ವಾ? ಮೊಬೈಲ್ ಬಿಡು, ಪಕ್ಕದ ಮಾತು ಓದು. ಹಾಡು ಕೇಳುತ್ತ ಯಾರಾದರೂ ವರ್ಷ ಪೂರ್ತಿ ಕೂರುತ್ತಾರಾ? ಯುಗಾದಿಯಿಂದ ಯುಗಾದಿ ಅಂದರೆ ಹೊಲದ ಗೇಣಿ ಕರಾರು. ಅಷ್ಟರಲ್ಲಿ ಹಿಂಗಾರಿ ಬಿಳಿಜೋಳದ ರಾಶಿ ಮುಗಿದು ಹೊಲ ಖಾಲಿ ಇರುತ್ತದೆ. ಕೈ ಬದಲಾಗುವುದು ಆವಾಗಲೇ.

ತಮ್ಮ: ಮತ್ತೆ ಕಣಿಕಿ? ಕಾಣಿಕೆ ಬರೆಯಲು ಹೋಗಿ ದೀರ್ಘ ಬಿಟ್ಟಿದ್ದಾರೆ ಅಂದುಕೊಂಡೆ. ಮೇಳಕ್ಕೆ ಬಂದ ಕಾಣಿಕೆಯಲ್ಲಿ ಅರ್ಧ ನಮಗೆ!

ಇಂಡಿ ಅತ್ತಿ ಮೊದಲು ಬರೀ ನಗುವ ಮುಖ ಕಳಿಸಿದರು, ಒಂದು ಸಾಲು ತುಂಬ.

ಅತ್ತಿ: ಜೋಳದ ದಂಟು ಅಳಿಯಾ ಅದು. ದನದ ಮೇವು. ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮೆ. ಹೊಲ ಕೊಟ್ಟರೂ ಮೇವು ಬಿಡುವ ಹಾಗಿರಲಿಲ್ಲ. ಬಣವಿ ಒಟ್ಟುವಾಗ ಸಿವುಡು ಎಣಿಸುತ್ತಿದ್ದವಳು ನಾನೇ.

ಅಕ್ಕ: ಪಟ್ಟಿ?

ಅತ್ತಿ: ಹಳ್ಳದ ದಂಡೆಗೆ ಉದ್ದಕ್ಕೆ ಇದ್ದ ಹೊಲ. ಅಗಲ ಕಡಿಮೆ.

ತಮ್ಮ: ಸರಿ, ಸೋತೆ. ಆದರೆ ನಮ್ಮ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹಳ್ಳದ ಹೊಲವೇ ಇಲ್ವಲ್ಲ?

ಕಾಕಾ ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ಹೋಯಿತು. ಮತ್ತೆ ಬಂತು. ನನ್ನ ರೊಟ್ಟಿ ತಣ್ಣಗಾಯಿತು.

ಕಾಕಾ: 1974ರಲ್ಲಿ ಉಳುವವನಿಗೇ ಹೊಲ ಅಂತಾಯಿತು. ಮಾರ್ಚ್ 1ರ ಹೊತ್ತಿಗೆ ಯಾರು ಗೇಣಿಗೆ ಉಳುತ್ತಿದ್ದರೋ ಅವರು 7ನೇ ನಮೂನೆಯಲ್ಲಿ ಅರ್ಜಿ ಹಾಕಬಹುದಿತ್ತು. ಲಾವಣಿ ಹಿಡಿದವನೂ ಹಾಕಿದ. ಟ್ರಿಬ್ಯೂನಲ್‌ನಲ್ಲಿ ಕೇಳಿದಾಗ ನಿಮ್ಮಜ್ಜ, ಉಳುತ್ತಿರುವವನು ಇವನೇ ಹೌದು ಅಂತ ಹೇಳಿ ಬಂದರು.

ಅಕ್ಕ: ಅಯ್ಯೋ! ಸುಮ್ನೆ ಬಿಟ್ಟುಕೊಟ್ಟರಾ?

ಅತ್ತಿ: ಸುಮ್ನೆ ಎಲ್ಲಿ? ಆಮೇಲೂ ಅವನು ವರ್ಷಾ ಅರ್ಧ ಕಣಿಕಿ ಗಾಡಿಯಲ್ಲಿ ತಂದು ಹಾಕುತ್ತಿದ್ದ. ನಮ್ಮ ಎಮ್ಮೆ ಸಾಯುವವರೆಗೂ.