ಸ್ಪೂನು, ಚಾಪ್‌ಸ್ಟಿಕ್ಕು, ಫೋರ್ಕು: ಪುಟ್ಟಿಗೆ ಅಜ್ಜನ ಉತ್ತರ

ಹಾಂ... ರೆಕಾರ್ಡ್ ಆಗ್ತಿದೆ ತಾನೆ? ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ, ಅದಕ್ಕೆ ಬಾಯಲ್ಲೇ ಹೇಳ್ಬಿಡ್ತೀನಿ. ಬೆಳಗ್ಗೆ ಪುಟ್ಟಿ ಕೇಳಿದ್ಲಲ್ಲ, ಸ್ಪೂನಿಗೆ ಸ್ಪೂನ್ ಅಂತ ಯಾಕಂತಾರೆ ಅಂತ. ಅವಳ ಮಾವ "ಯಾರೋ ಸುಮ್ನೆ ಇಟ್ಟ ಹೆಸರು ಬಿಡೇ" ಅಂದ. ಸುಮ್ನೆ ಅಲ್ಲಪ್ಪಾ.

ಹಳೇ ಇಂಗ್ಲಿಷಲ್ಲಿ 'ಸ್ಪೋನ್' ಅಂದ್ರೆ ಮರದ ಚಕ್ಕೆ. ಕೊಡಲಿ ಏಟಿಗೆ ಸಿಡಿದು ಬೀಳುತ್ತಲ್ಲ, ಅದು. ಆಗ ಸ್ಪೂನ್ ಮರದ್ದೇ, ಹಾಗಾಗಿ ಹೆಸರು ಅಂಟ್ಕೊಂಡ್ತು. ಈಗ ಸ್ಟೀಲಿಂದಾದ್ರೂ ಹೆಸರಲ್ಲಿ ಇನ್ನೂ ಚಕ್ಕೆನೇ! ರೋಮಿನವರು ಸಣ್ಣ ಸ್ಪೂನಿಗೆ 'ಕೊಕ್ಲೆಯಾರೆ' ಅಂತಿದ್ರು. 'ಕೊಕ್ಲೆಯ' ಅಂದ್ರೆ ಬಸವನಹುಳು. ಹಿಡಿಯ ಚೂಪು ತುದಿಯಿಂದ ಚಿಪ್ಪಿನೊಳಗಿನ ಹುಳು ಎಳೆದು ತಿಂತಿದ್ರು. ಥೂ ಅನ್ಬೇಡ ಪುಟ್ಟಿ, ನಿನ್ನ ಕಿವಿಯೊಳಗೂ ಅದೇ ಇದೆ. ಒಳಗಿವಿಯ ಸುರುಳಿಗೆ ಡಾಕ್ಟರುಗಳು 'ಕಾಕ್ಲಿಯ' ಅಂತಾರಲ್ಲ, ಅದೇ ಪದ. ಈಗ ನನ್ನ ಮಾತು ನಿನಗೆ ಕೇಳಿಸ್ತಿರೋದು ಬಸವನಹುಳದಿಂದಲೇ.

ಇಂಗ್ಲಿಷ್ 'ನೈಫ್'ನಲ್ಲಿರೋ ಕೆ ಅಕ್ಷರ ಹಿಂದೆ ಬಾಯಲ್ಲೂ ಇತ್ತು, 'ಕ್ನೀಫ್' ಅಂತಿದ್ರು. ಅಷ್ಟೇ ಅದರ ಕಥೆ.

ನನಗೆ ತುಂಬಾ ಇಷ್ಟವಾದದ್ದು ಚಾಪ್‌ಸ್ಟಿಕ್. ಚೀನಾದಲ್ಲಿ ಅದರ ಹಳೇ ಹೆಸರು 'ಜು'. 'ನಿಲ್ಲು' ಅನ್ನೋ ಮಾತೂ ಉಚ್ಚಾರದಲ್ಲಿ ಹಾಗೇ. ದೋಣಿ ನಡೆಸೋರಿಗೆ ನಿಲ್ಲೋದು ಅಂದ್ರೆ ಅಪಶಕುನ ತಾನೆ? ಅದಕ್ಕೆ ಅವರು ತಿರುಗಿಸಿ 'ಕ್ವಾಯ್' ಅಂದ್ರು, ಅಂದ್ರೆ ಬೇಗ. ಈಗ ಇಡೀ ದೇಶವೇ 'ಕ್ವಾಯ್‌ಜ಼' ಅನ್ನುತ್ತೆ. ಜಪಾನಿನವರಿಗೆ ಆ ದೋಣಿಯವರ ಭಯ ತಟ್ಟಲಿಲ್ಲ, ಇವತ್ತಿಗೂ ಹಳೇ ಅಕ್ಷರವನ್ನೇ ಬರೀತಾರೆ, 'ಹಾಶಿ' ಅಂತ ಓದ್ತಾರೆ.

ಇನ್ನು ಫೋರ್ಕು. ಲ್ಯಾಟಿನ್ನಿನ 'ಫುರ್ಕ' ಅಂದ್ರೆ ಹುಲ್ಲು ಎತ್ತೋ ಕವೆಗೋಲು. ತಪ್ಪು ಮಾಡಿದ ಗುಲಾಮರ ಕುತ್ತಿಗೆಗೂ ಅಂಥ ಕವೆ ಹೊರಿಸ್ತಿದ್ರು. ಹಾಗಾಗಿ 'ಫುರ್ಕಿಫೆರ್', ಅಂದ್ರೆ ಕವೆ ಹೊತ್ತೋನು, ಅನ್ನೋದು ಒಂದು ಬೈಗುಳ: ಪೋಕರಿ ಅಂದ ಹಾಗೆ. 1608ರಲ್ಲಿ ಥಾಮಸ್ ಕೋರಿಯಟ್ ಅನ್ನೋ ಇಂಗ್ಲಿಷಿನವನು ಇಟಲಿಗೆ ಹೋಗಿ, ಅಲ್ಲಿ ಫೋರ್ಕಲ್ಲಿ ತಿನ್ನೋದು ನೋಡಿ, ತಾನೂ ಕಲಿತು ಬಂದ. ಅವನ ಗೆಳೆಯ ಒಬ್ಬ ತಮಾಷೆಗೆ ಅದೇ ಬೈಗುಳವನ್ನೇ ಅಡ್ಡಹೆಸರು ಮಾಡಿಬಿಟ್ಟ!

ಪುಟ್ಟಿ, "ಸುಮ್ನೆ ಇಟ್ಟ ಹೆಸರು" ಅಂದ ನಿಮ್ಮ ಮಾವನ್ನ ಇನ್ಮೇಲೆ ಫುರ್ಕಿಫೆರ್ ಅಂತ ಕರಿ, ಅವನಿಗೆ ಗೊತ್ತೇ ಆಗಲ್ಲ. ಅಯ್ಯೋ, ಅವನೂ ಈ ಗ್ರೂಪಲ್ಲೇ ಇದ್ದಾನಲ್ವಾ...