ಪದಚರ್ಚೆ: ‘ತಿದ್ದು’ ಎನ್ನಲೇ, ‘ಗೀಚು’ ಎನ್ನಲೇ?

ಗೆಳೆಯರೇ, ನಮಸ್ಕಾರ.

ಕೊರಿಯಾದ ಚಿತ್ರಕಾರ ಪಾರ್ಕ್ ಸೊ-ಬೊ (1931–2023) ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ.

1967ರಲ್ಲಿ ಶುರುಮಾಡಿದ ಒಂದು ಚಿತ್ರಮಾಲೆಯನ್ನು ಅವರು ಬದುಕಿನ ಕೊನೆವರೆಗೂ ಬಿಡಲಿಲ್ಲ. ಅದಕ್ಕೆ ಫ್ರೆಂಚಿನಲ್ಲಿ ‘ಎಕ್ರಿತ್ಯೂರ್’ ಎಂಬ ಹೆಸರು, ಅಂದರೆ ಬರವಣಿಗೆ. ಕೊರಿಯನ್ನಿನಲ್ಲಿ ‘ಮ್ಯೊಬೊಪ್’, ಅಂದರೆ ಚಿತ್ರಿಸುವ ಬಗೆ. ಒಂದು ಹೆಸರಲ್ಲಿ ಅಕ್ಷರ, ಇನ್ನೊಂದರಲ್ಲಿ ಚಿತ್ರ. ನಮಗೆ ಇದು ತೊಡಕೇ ಅಲ್ಲ. ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಅಲ್ವಾ? ಹಾಗಾಗಿ ಮೊದಲು ‘ಬರಹ’ ಅಂತ ಹಾಕಿದೆ. ಆದರೆ ಆ ಮಾಲೆ ಹುಟ್ಟಿದ ಕತೆ ತಿಳಿದ ಮೇಲೆ ಆ ಪದ ಸಪ್ಪೆ ಅನ್ನಿಸಿತು.

ಅವರ ಎರಡನೇ ಮಗನಿಗೆ ಆಗ ಮೂರು ವರ್ಷ. ಚೌಕದ ಮನೆಗಳಿದ್ದ ನೋಟ್‌ಬುಕ್ಕಿನಲ್ಲಿ ಅಕ್ಷರ ಬರೆಯಲು ಹೊರಟಿದ್ದ. ಒಂದು ಮನೆಗೆ ಒಂದು ಅಕ್ಷರ ಕೂರಬೇಕು. ಕೂರಲಿಲ್ಲ. ರಬ್ಬರಿನಿಂದ ಉಜ್ಜಿದ, ಮತ್ತೆ ಬರೆದ, ಮತ್ತೆ ಉಜ್ಜಿದ. ಕಾಗದ ಮುದುಡಿತು. ಕೊನೆಗೆ ರೇಗಿ ಪೆನ್ಸಿಲಿನಿಂದ ಎಲ್ಲದರ ಮೇಲೂ ಗೀಚಿಬಿಟ್ಟ. ಅಪ್ಪ ನೋಡುತ್ತಿದ್ದರು. ಆ ಕೈಬಿಡುವಿಕೆಯಲ್ಲೇ ಅವರಿಗೆ ತಮ್ಮ ದಾರಿ ಕಂಡಿತು. ಕ್ಯಾನ್ವಾಸಿಗೆ ಬಿಳಿ ಎಣ್ಣೆಬಣ್ಣ ಬಳಿದು, ಅದು ಹಸಿಯಾಗಿರುವಾಗಲೇ ಪೆನ್ಸಿಲಿನಿಂದ ಗೆರೆ ಎಳೆಯುವುದು, ಅದರ ಮೇಲೆ ಮತ್ತೆ ಬಣ್ಣ, ಮತ್ತೆ ಗೆರೆ. ಬೌದ್ಧ ಭಿಕ್ಷು ಒಂದೇ ಮಂತ್ರವನ್ನು ಮತ್ತೆ ಮತ್ತೆ ಹೇಳುವುದಕ್ಕೆ ಅವರು ಈ ಕೆಲಸವನ್ನು ಹೋಲಿಸುತ್ತಿದ್ದರು.

ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ‘ತಿದ್ದು’. ಮೇಷ್ಟ್ರು ಸ್ಲೇಟಿನ ಮೇಲೆ ದೊಡ್ಡದಾಗಿ ‘ಅ’ ಬರೆದು ಕೊಡುತ್ತಿದ್ದರು. ಅದರ ಮೇಲೇ ಬಳಪ ಆಡಿಸಬೇಕು, ಹತ್ತು ಸಲ, ಇಪ್ಪತ್ತು ಸಲ. ಸಂಜೆ ಹೊತ್ತಿಗೆ ಆ ‘ಅ’ ಬೆರಳಿನಷ್ಟು ದಪ್ಪ ಆಗಿ, ಬಳಪದ ಪುಡಿಯಲ್ಲಿ ತಾನೇ ಮುಚ್ಚಿಹೋಗುತ್ತಿತ್ತು. ಪಾರ್ಕ್ ಅವರ ಕ್ಯಾನ್ವಾಸು ನನಗೆ ಹಾಗೇ ಕಾಣುತ್ತದೆ. ಆದರೆ ತಿದ್ದುವುದಕ್ಕೆ ಕೆಳಗೊಂದು ಸರಿಯಾದ ಅಕ್ಷರ ಇರಬೇಕು. ತಪ್ಪನ್ನು ಸರಿಮಾಡು ಅನ್ನೋ ಅರ್ಥವೂ ಅದಕ್ಕಿದೆ. ಇಲ್ಲಿ ಕೆಳಗೆ ಏನೂ ಇಲ್ಲ. ‘ಗೀಚು’ ಅಂದರೆ ಮಗುವಿನ ಸಿಟ್ಟು ಬರುತ್ತದೆ, ಆದರೆ ತಾಳ್ಮೆ ಹೋಗುತ್ತದೆ. ನನಗೆ ಎರಡೂ ಬೇಕು.

ಇದರ ಜೊತೆ ಇನ್ನೊಂದು ಪ್ರಶ್ನೆ. ಇವರ ಬಳಗದ ಕಲೆಗೆ ‘ದಾನ್‌ಸೆಖ್ವಾ’ ಎನ್ನುತ್ತಾರೆ. ದಾನ್ ಅಂದರೆ ಒಂದು, ಸೆಕ್ ಅಂದರೆ ಬಣ್ಣ, ಹ್ವಾ ಅಂದರೆ ಚಿತ್ರ. ‘ಏಕವರ್ಣ ಚಿತ್ರ’ ಅನ್ನಬಹುದು, ಸ್ವಲ್ಪ ಬಿಗಿಯಾಯಿತು. ‘ಒಂಬಣ್ಣ’ ನನಗೆ ಇಷ್ಟ, ಆದರೆ ಹಕಾರ ಬಿಟ್ಟು ಮಾತಾಡುವ ಕಡೆ ಅದು ‘ಹೊಂಬಣ್ಣ’ ಅಂತ ಕೇಳಿಸುತ್ತದೆ. ಒಂದು ಅನ್ನೋದೇ ಎಷ್ಟು ಸರಿ ಅನ್ನುವ ಅನುಮಾನವೂ ಇದೆ. 1975ರಲ್ಲಿ ಟೋಕಿಯೋದಲ್ಲಿ ಪಾರ್ಕ್ ಸೇರಿ ಐದು ಕೊರಿಯನ್ ಕಲಾವಿದರ ಪ್ರದರ್ಶನ ನಡೆಯಿತು. ಅದರ ಹೆಸರಲ್ಲೇ ‘ಐದು ಬಗೆಯ ಬಿಳಿ’ ಅಂತಿತ್ತು. ನಮ್ಮಲ್ಲೂ ಸುಣ್ಣದ ಬಿಳುಪು ಬೇರೆ, ಕೆನೆಬಿಳಿ ಬೇರೆ, ಮಾಸಲು ಬಿಳಿ ಬೇರೆ. ಸದ್ಯಕ್ಕೆ ‘ದಾನ್‌ಸೆಖ್ವಾ’ ಅಂತಲೇ ಉಳಿಸಿದ್ದೇನೆ.

1980ರ ದಶಕದಲ್ಲಿ ಅವರು ಹಾಂಜಿ ಎಂಬ ಕೊರಿಯಾದ ಸಾಂಪ್ರದಾಯಿಕ ಕಾಗದಕ್ಕೆ ತಿರುಗಿದರು. ನೆನೆಸಿದ ಕಾಗದವನ್ನು ಕ್ಯಾನ್ವಾಸಿನ ಮೇಲೆ ಹಾಸಿ, ಬೆರಳಿಂದಲೋ ಕಡ್ಡಿಯಿಂದಲೋ ಒತ್ತಿ ಸರಿಸಿ ಏಣುಗಳನ್ನು ಎಬ್ಬಿಸುತ್ತಿದ್ದರು. ಅದಕ್ಕೆ ಪದ ಹುಡುಕಬೇಕಾಗಲಿಲ್ಲ. ಬೋದು ಮತ್ತು ಸಾಲು ಮಾಡಿದ ಹೊಲದ ಹಾಗೆ ಅಂತ ಬರೆದೆ. ಆದರೆ ‘ಹಿಪ್ಪುನೇರಳೆ ಕಾಗದ’ ಅನ್ನಬೇಡಿ. ಹಾಂಜಿ ಮಾಡುವುದು ಡಾಕ್ ಮರದ ತೊಗಟೆಯ ನಾರಿನಿಂದ. ಅದು ಹಿಪ್ಪುನೇರಳೆಗೆ ನೆಂಟ ಅಷ್ಟೇ. ರಾಮನಗರ, ಶಿಡ್ಲಘಟ್ಟದ ಕಡೆಯವರು ತಮ್ಮ ತೋಟದ ಗಿಡವೇ ಅಂದುಕೊಳ್ಳುತ್ತಾರೆ.

ಈಗ ನಿಮ್ಮಲ್ಲಿ ಕೇಳುವುದು ಇಷ್ಟು. ಅಕ್ಷರ ಕೂರದೆ ಹೋದಾಗ ಮಗು ಅದರ ಮೇಲೇ ಮತ್ತೆ ಮತ್ತೆ ಗೆರೆ ಎಳೆಯುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಏನನ್ನುತ್ತಾರೆ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ಬರೆಯಿರಿ.